ಬಾವಿ ಒಬ್ಬರದು, ಸುತ್ತಲಿನ ನೆಲ ಇನ್ನೊಬ್ಬರದು

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಬಾರಿ ಬಂದದ್ದನ್ನು ತೆಗೆದಿದ್ದೇನೆ, ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ಕುಡಿಯುವ ನೀರಿನ ಶುದ್ಧೀಕರಣ’. ಅವರ ಒಪ್ಪಿಗೆ ಪಡೆದೇ ಅದನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿಕೊಂಡಿದ್ದೇನೆ. ನೀರು ಕೆಟ್ಟಿದೆ ಎಂದು ಒಪ್ಪಿಕೊಂಡ ಮೇಲೆ ಶುರುವಾಗುವ ಕೆಲಸ ಶುದ್ಧೀಕರಣ. ಅದು ಕೆಡುವುದು ಎಲ್ಲಿ, ಯಾರ ಜಮೀನಿನಲ್ಲಿ, ಅದನ್ನು ತಡೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಹೀಗಾಗಿ ಇವತ್ತು ಯಂತ್ರಗಳ ಮಾತು ಕಡಿಮೆ. ಕುರಿ, ಹಸು, ಬೀಟ್‌ರೂಟ್ ಗದ್ದೆಗಳ ಮಾತೇ ಹೆಚ್ಚು.

ಕುರಿಗಳಿಂದಲೇ ಶುರು ಮಾಡುತ್ತೇನೆ.

ನ್ಯೂಜಿಲೆಂಡ್‌ನ ಹ್ಯಾವ್ಲಾಕ್ ನಾರ್ತ್ ಸುಮಾರು 14,000 ಜನರಿದ್ದ ಪಟ್ಟಣ. ಅಲ್ಲಿಯ ಜನ ಕುಡಿಯುತ್ತಿದ್ದದ್ದು ಕೊಳವೆ ಬಾವಿಯ ನೀರು. ಅದಕ್ಕೆ ಕ್ಲೋರಿನ್ ಹಾಕುತ್ತಿರಲಿಲ್ಲ, ಹಾಕುವ ಅಗತ್ಯವಿಲ್ಲ ಎಂಬ ಹೆಮ್ಮೆಯೂ ಇತ್ತು. ನೆಲದಡಿ ನೀರು ತುಂಬಿರುವ ಜಲಪದರದ ಮೇಲೆ ಜೇಡಿಯ ಹೊದಿಕೆಯಿದೆ, ಮೇಲಿನ ಕೊಳೆ ಒಳಗಿಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು. 2016ರ ಆಗಸ್ಟ್ 5 ಮತ್ತು 6ರಂದು ಅಲ್ಲಿ ಜೋರು ಮಳೆ ಬಂತು. ಬಾವಿಯಿಂದ ಸುಮಾರು 90 ಮೀಟರ್ ಆಚೆ ಒಂದು ಹೊಂಡವಿತ್ತು, ಅದರ ಪಕ್ಕದ ಹುಲ್ಲುಗಾವಲಿನಲ್ಲಿ ಕುರಿಗಳಿದ್ದವು. ಮಳೆನೀರು ಕುರಿ ಹಿಕ್ಕೆಯನ್ನು ತೊಳೆದುಕೊಂಡು ಹೊಂಡಕ್ಕಿಳಿಯಿತು. ಹೊಂಡದಿಂದ ಜಲಪದರಕ್ಕೆ, ಜಲಪದರದಿಂದ ಪಂಪಿನ ಬಾಯಿಗೆ. ಜೇಡಿಯ ಹೊದಿಕೆ ಅವರು ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ.

ನೀರು ಕುದಿಸಿ ಕುಡಿಯಿರಿ ಎಂಬ ಪ್ರಕಟಣೆ ಹೊರಟಿದ್ದು ಆಗಸ್ಟ್ 12ಕ್ಕೆ. ಅಷ್ಟರಲ್ಲಿ ಶಾಲೆಗಳಲ್ಲಿ ಹಾಜರಾತಿ ಕುಸಿದಿತ್ತು, ಊರಿನ ತುಂಬ ಹೊಟ್ಟೆನೋವು, ಭೇದಿ. ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಸುಮಾರು 5,500 ಜನ ಕಾಯಿಲೆ ಬಿದ್ದರೆಂದು ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಅಂದಾಜು ಮಾಡಿತು. ಮೂರು ಸಾವುಗಳಿಗೆ ಈ ಸೋಂಕೂ ಕಾರಣವಾಗಿರಬಹುದು ಎಂದಿತು. 1998ರಲ್ಲೂ ಇದೇ ಊರಿನಲ್ಲಿ ಇದೇ ಕಾಯಿಲೆ ಕೊಳವೆ ಬಾವಿಯ ನೀರಿನಿಂದಲೇ ಹಬ್ಬಿತ್ತು. ಹದಿನೆಂಟು ವರ್ಷದಲ್ಲಿ ಅದು ಎಲ್ಲರಿಗೂ ಮರೆತುಹೋಗಿತ್ತು.

ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಬೇಕು. ಆ ಹೊಂಡ, ಆ ಕುರಿ, ಆ ಬಾವಿ ಇವು ಯಾರ ಉಸ್ತುವಾರಿಯಲ್ಲಿದ್ದವು? ನೀರು ಪೂರೈಸುತ್ತಿದ್ದದ್ದು ಜಿಲ್ಲಾ ಆಡಳಿತ. ಜಲಪದರವನ್ನು ನೋಡಿಕೊಳ್ಳಬೇಕಾಗಿದ್ದದ್ದು ಪ್ರಾದೇಶಿಕ ಆಡಳಿತ. ಹುಲ್ಲುಗಾವಲು ಖಾಸಗಿ. ಆರೋಗ್ಯ ಇಲಾಖೆಯವರು ಇವರೆಲ್ಲರಿಂದ ಬೇರೆಯೇ. ಎರಡು ಆಡಳಿತಗಳ ನಡುವೆ ಇರಬೇಕಾದ ಸಹಕಾರ ಇರಲಿಲ್ಲ ಎಂದು ವಿಚಾರಣಾ ಸಮಿತಿ ಬರೆಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತೇವಲ್ಲ, ಇಲ್ಲಿ ಅಷ್ಟು ಕೂಡ ಆಗಿರಲಿಲ್ಲ. ಎಳೆಯಬೇಕೆಂದು ಯಾರಿಗೂ ಅನ್ನಿಸಿಯೇ ಇರಲಿಲ್ಲ.

ನ್ಯೂಜಿಲೆಂಡ್‌ನಲ್ಲಿ ಕಾನೂನು ಇರಲಿಲ್ಲವೇ? ಇತ್ತು, ಅದೂ ಇಡೀ ದೇಶಕ್ಕೆ ಅನ್ವಯಿಸುವಂಥದ್ದು. ಜನ ಕುಡಿಯುವ ನೀರಿನ ಮೂಲಗಳನ್ನು ಕಾಪಾಡುವುದಕ್ಕೆಂದೇ 2007ರಲ್ಲಿ ರಾಷ್ಟ್ರೀಯ ಪರಿಸರ ಮಾನದಂಡ ಎಂಬ ನಿಯಮಾವಳಿ ಮಾಡಿ, 2008ರಲ್ಲಿ ಜಾರಿಗೆ ತಂದಿದ್ದರು. ನದಿಯಿಂದ ನೀರೆತ್ತಲು, ತ್ಯಾಜ್ಯ ಬಿಡಲು ಪರವಾನಗಿ ಕೊಡುವಾಗ ಅದರಿಂದ ಕುಡಿಯುವ ನೀರಿನ ಮೂಲಕ್ಕೆ ಏನಾಗುತ್ತದೆ ಎಂದು ನೋಡಲೇಬೇಕು ಎನ್ನುತ್ತದೆ ಅದು. ಒಳ್ಳೆಯ ನಿಯಮವೇ. ಆದರೆ ಅದರ ಕಣ್ಣಿಗೆ ಬೀಳುವುದು ಪರವಾನಗಿಗೆ ಅರ್ಜಿ ಹಾಕಿದವನು ಮಾತ್ರ. ಕುರಿ ಮೇಯಿಸಲು ಯಾರು ಅರ್ಜಿ ಹಾಕುತ್ತಾರೆ?

ಕುಡಿಯುವ ನೀರಿನ ಬಹುತೇಕ ಕಾನೂನುಗಳಲ್ಲಿ ನನಗೆ ಕಾಣುವ ಬಿರುಕು ಇದೇ. ಕೊಳವೆಯೊಳಗಿನ ನೀರಿಗೆ ಹೊಣೆಗಾರರು ಇದ್ದಾರೆ, ಮಾನದಂಡವಿದೆ, ಪರೀಕ್ಷೆಯಿದೆ. ಆ ನೀರು ಕೊಳವೆಗೆ ಬರುವ ಮುಂಚೆ ಹರಿದು ಬಂದ ನೆಲದಲ್ಲಿ ಮಾತ್ರ ನೀರಿನವರ ಮಾತು ನಡೆಯುವುದಿಲ್ಲ.

ಪರೀಕ್ಷೆ ಎಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ನೀರಿನಲ್ಲಿ ಮಲದ ಅಂಶ ಸೇರಿದೆಯೇ ಎಂದು ತಿಳಿಯಲು ಇ. ಕೋಲೈ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುತ್ತಾರೆ. ಮಾದರಿ ತಂದು, ಪೋಷಕಾಂಶದಲ್ಲಿಟ್ಟು, ಬೆಚ್ಚಗಿರಿಸಿ, ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯಬೇಕು. ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ಫಲಿತಾಂಶದ ಕಾಗದ ಕೈಗೆ ಬರುವ ಹೊತ್ತಿಗೆ ಆ ನೀರು ಜನರ ಹೊಟ್ಟೆ ಸೇರಿ ಆಗಿರುತ್ತದೆ. ಪರೀಕ್ಷೆ ಬೇಡವೆಂದು ಇದರರ್ಥವಲ್ಲ. ನಿನ್ನೆ ಏನಾಯಿತು ಎಂದು ಅದು ಹೇಳುತ್ತದೆ, ಅಷ್ಟೇ.

ಕ್ಲೋರಿನ್ ಇದೆಯಲ್ಲ ಎನ್ನಬಹುದು. ಹ್ಯಾವ್ಲಾಕ್ ನಾರ್ತ್‌ನಲ್ಲಿ ಕ್ಲೋರಿನ್ ಹಾಕಿದ್ದರೆ ಬಹುಶಃ ಅನಾಹುತವಾಗುತ್ತಿರಲಿಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ಲೋರಿನ್ ಇತ್ತು, ಫಿಲ್ಟರ್‌ಗಳೂ ಇದ್ದವು. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರೋಪಜೀವಿಗೆ ಕ್ಲೋರಿನ್ ಲೆಕ್ಕಕ್ಕಿಲ್ಲ. ಫಿಲ್ಟರ್ ಸರಿಯಾಗಿ ಕೆಲಸ ಮಾಡದ ಕೆಲವು ದಿನಗಳಲ್ಲಿ ಅದು ನುಸುಳಿ ಬಂತು. ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದರು. ಇನ್ನು ಒಹಾಯೋದ ಟೊಲೀಡೊ ನಗರದ ಕಥೆ. ನೀರು ಕೆಟ್ಟಿತೆಂದರೆ ಕುದಿಸಿ ಕುಡಿಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. 2014ರ ಆಗಸ್ಟ್‌ನಲ್ಲಿ ಅಲ್ಲಿನ ಆಡಳಿತ ಜನರಿಗೆ ಹೇಳಿದ್ದು ‘ಕುದಿಸಬೇಡಿ’ ಎಂದು. ಹೊಲಗಳಿಂದ ಹರಿದು ಬಂದ ರಂಜಕವನ್ನುಂಡು ಈರಿ ಸರೋವರದಲ್ಲಿ ಹಸಿರು ಪಾಚಿಯಂಥ ಸಯನೋಬ್ಯಾಕ್ಟೀರಿಯಾ ಹಬ್ಬಿತ್ತು. ಅದರ ವಿಷ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಂತೆಲ್ಲ ಪಾತ್ರೆಯಲ್ಲಿ ಉಳಿದ ವಿಷ ದಟ್ಟವಾಗುತ್ತದೆ. ಎರಡು ದಿನಕ್ಕೂ ಹೆಚ್ಚು ಕಾಲ ನಾಲ್ಕೈದು ಲಕ್ಷ ಜನರು ನಲ್ಲಿಯ ನೀರನ್ನು ಕುಡಿಯುವಂತಿರಲಿಲ್ಲ.

ಅದೇ ವರ್ಷದ ಜನವರಿ 9ರಂದು ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ ನಗರದಲ್ಲಿ ಬೆಳಿಗ್ಗೆ ಗಾಳಿಯಲ್ಲಿ ಜ್ಯೇಷ್ಠಮಧುವಿನ ವಾಸನೆ. ಜನ ದೂರು ಕೊಟ್ಟರು. ಅಧಿಕಾರಿಗಳು ವಾಸನೆ ಹಿಡಿದು ಹೋದರೆ ಎಲ್ಕ್ ನದಿಯ ದಂಡೆಯಲ್ಲಿ ಕಲ್ಲಿದ್ದಲು ತೊಳೆಯಲು ಬಳಸುವ ರಾಸಾಯನಿಕದ ಟ್ಯಾಂಕೊಂದು ಸೋರುತ್ತಿತ್ತು. ಅದರಿಂದ ಸುಮಾರು ಎರಡೂವರೆ ಕಿಲೋಮೀಟರ್ ಕೆಳಗೆ ನದಿಯಿಂದ ನೀರೆತ್ತುವ ಜಾಗವಿತ್ತು. ಸುಮಾರು ಮೂರು ಲಕ್ಷ ಜನರಿಗೆ ನೀರು ಕೊಡುವ ಘಟಕ ಅದು. ಆ ರಾಸಾಯನಿಕ ಎಷ್ಟು ಸೇರಿದರೆ ಅಪಾಯ ಎಂದು ಹೇಳಬಲ್ಲ ಮಾನದಂಡವೇ ಇರಲಿಲ್ಲ. ಕುಡಿಯಬೇಡಿ, ಸ್ನಾನ ಮಾಡಬೇಡಿ, ಬಟ್ಟೆ ಒಗೆಯಬೇಡಿ ಎನ್ನಬೇಕಾಯಿತು. ಇದರಲ್ಲಿ ತಂತ್ರಜ್ಞಾನದ ಸೋಲು ಎಷ್ಟಿದೆಯೋ ಗೊತ್ತಿಲ್ಲ, ಜಾಗದ ಆಯ್ಕೆಯ ಸೋಲಂತೂ ಕಣ್ಣಿಗೆ ರಾಚುತ್ತದೆ. ಆ ಟ್ಯಾಂಕು ನೀರೆತ್ತುವ ಜಾಗದ ಕೆಳಗಡೆಗಿದ್ದಿದ್ದರೆ ನಾನು ಇವತ್ತು ಆ ನದಿಯ ಹೆಸರು ಎತ್ತುತ್ತಲೇ ಇರಲಿಲ್ಲ.

ಹಾಗಾದರೆ ನೆಲವನ್ನು ಎಷ್ಟು ದೂರದವರೆಗೆ ಕಾಯಬೇಕು? ಈ ಪ್ರಶ್ನೆಗೆ ಜರ್ಮನಿಯವರು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅವರು ದೂರವನ್ನು ದಿನಗಳಲ್ಲಿ ಅಳೆದರು. ನೆಲದೊಳಗೆ ಹೆಚ್ಚಿನ ರೋಗಕಾರಕ ಬ್ಯಾಕ್ಟೀರಿಯಾಗಳು ಸುಮಾರು ಐವತ್ತು ದಿನಗಳಲ್ಲಿ ಸಾಯುತ್ತವೆ ಎಂಬುದು ಲೆಕ್ಕದ ಆಧಾರ. ಬಾವಿಯ ಸುತ್ತ ಕನಿಷ್ಠ ಹತ್ತು ಮೀಟರ್ ಬೇಲಿ ಹಾಕಿ, ಅಲ್ಲಿ ನೀರಿನ ಕೆಲಸ ಬಿಟ್ಟು ಬೇರೇನೂ ಇಲ್ಲದಂತೆ ನೋಡಿಕೊಳ್ಳುತ್ತಾರೆ. ಅದರಾಚೆ, ನೀರು ಬಾವಿಗೆ ಬರಲು ಐವತ್ತು ದಿನ ತೆಗೆದುಕೊಳ್ಳುವ ಜಾಗದವರೆಗೆ ಎರಡನೆಯ ವಲಯ. ಕಟ್ಟಡ, ದ್ರವಗೊಬ್ಬರದಂಥವುಗಳಿಗೆ ಅಲ್ಲಿ ಬಿಗಿ ನಿರ್ಬಂಧ. ಅದರಾಚೆ ನೀರು ಬಂದು ಸೇರುವ ಪೂರ್ತಿ ಪ್ರದೇಶ ಮೂರನೆಯದು. ಮರಳು ನೆಲದಲ್ಲಿ ಐವತ್ತು ದಿನದ ಗೆರೆ ಬಾವಿಗೆ ಹತ್ತಿರವೇ ಇರಬಹುದು. ಬಿರುಕು ಬಿಟ್ಟ ಸುಣ್ಣಕಲ್ಲಿನಲ್ಲಿ ನೀರು ಓಡುತ್ತದೆ, ಗೆರೆ ಎಲ್ಲೋ ಹೋಗುತ್ತದೆ. ಒಂದೇ ಅಳತೆಯ ಬೇಲಿ ಎಲ್ಲ ಬಾವಿಗಳಿಗೂ ಹೊಂದುವುದಿಲ್ಲ ಎಂಬ ಸರಳ ವಿವೇಕ ಇದರಲ್ಲಿದೆ. ದಾರಿಹೋಕನಿಗೂ ಗೊತ್ತಾಗಲಿ ಎಂದು ರಸ್ತೆ ಬದಿಯಲ್ಲಿ ನೀಲಿ ಫಲಕ ಹಾಕುತ್ತಾರೆ.

ಆದರೆ ಐವತ್ತು ದಿನದ ಗೆರೆ ಸೂಕ್ಷ್ಮಜೀವಿಗಳಿಗೆ ಎಳೆದದ್ದು. ರಾಸಾಯನಿಕಗಳಿಗೆ ಆಯಸ್ಸಿನ ಲೆಕ್ಕ ಬೇರೆ. ಡೆನ್ಮಾರ್ಕ್‌ನ ಕುಡಿಯುವ ನೀರು ಹೆಚ್ಚುಕಡಿಮೆ ಪೂರ್ತಿ ಅಂತರ್ಜಲ. ಗಾಳಿಯಾಡಿಸಿ, ಮರಳಿನಲ್ಲಿ ಸೋಸಿ ಮನೆಗೆ ಕಳಿಸುತ್ತಾರೆ. ಅಲ್ಲಿ ಬೀಟ್ ಬೆಳೆಗೆ ಸಿಂಪಡಿಸುತ್ತಿದ್ದ ಕ್ಲೋರಿಡಜಾನ್ ಎಂಬ ಕಳೆನಾಶಕದ ಮಾರಾಟ 1996ರಲ್ಲೇ ನಿಂತಿತ್ತು. ಅದು ಒಡೆದು ಉಳಿದ ಅಂಶ ಬಾವಿಗಳಲ್ಲಿ ವ್ಯಾಪಕವಾಗಿ ಪತ್ತೆಯಾದದ್ದು 2017ರಲ್ಲಿ, ಹುಡುಕಲು ಶುರು ಮಾಡಿದ ಮೇಲೆ. ಸಿಂಪಡಿಸಿದ ಕೈಗಳು ನಿವೃತ್ತಿಯಾಗಿ ಕುಳಿತ ಕಾಲಕ್ಕೆ ಔಷಧ ನೀರಿಗೆ ತಲುಪಿತ್ತು. ಗೊಬ್ಬರದ ನೈಟ್ರೇಟ್ ಕೂಡ ಹೀಗೆಯೇ, ಆಳವಾದ ಜಲಪದರಕ್ಕೆ ಇಳಿಯಲು ಹಲವು ದಶಕ ತೆಗೆದುಕೊಳ್ಳಬಹುದು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಗುತ್ತೇವೆ. ಅಂತರ್ಜಲದ ವಿಷಯದಲ್ಲಿ ಬೆಂಕಿ ಬಿದ್ದು ಇಪ್ಪತ್ತು ವರ್ಷವಾದ ಮೇಲೆ ಹೊಗೆ ಕಾಣಿಸುತ್ತದೆ.

ಕೆಡುಕೆಲ್ಲ ಮೇಲಿನಿಂದಲೇ ಇಳಿಯುತ್ತದೆ ಎಂಬ ಭಾವನೆ ನಿಮ್ಮಲ್ಲಿ ಮೂಡದಿರಲಿ. ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಕೆರೆ ಹೊಂಡಗಳ ನೀರು ಬಿಡಿಸಿ, ಕಾಲರಾದಿಂದ ಜನರನ್ನು ಉಳಿಸಲೆಂದು ಲಕ್ಷಾಂತರ ಕೈಪಂಪುಗಳನ್ನು ಹಾಕಿಸಿದರು. ಉದ್ದೇಶದಲ್ಲಿ ಒಂದು ಚೂರೂ ದೋಷವಿರಲಿಲ್ಲ. ಆ ಮಣ್ಣಿನೊಳಗೆ ಸಹಜವಾಗಿಯೇ ಆರ್ಸೆನಿಕ್ ಇತ್ತು. 1993ರಲ್ಲಿ ಅದು ಖಚಿತವಾಯಿತು. ಆಮೇಲೆ ಪಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿ ಮೂತಿಗೆ ಬಣ್ಣ ಬಳಿದರು: ಹಸಿರಿದ್ದರೆ ಕುಡಿಯಬಹುದು, ಕೆಂಪಿದ್ದರೆ ಕುಡಿಯಬಾರದು. ಎಷ್ಟೋ ಕಡೆ ಕೆಂಪು ಪಂಪಿನ ಪಕ್ಕದ ಮನೆಯದೇ ಹಸಿರು. ಮೂಲವನ್ನು ಕಾಯುವುದೆಂದರೆ ಅದನ್ನು ಆಯ್ಕೆ ಮಾಡುವಾಗಲೇ ಕೆಳಗೆ ಏನಿದೆ ಎಂದು ನೋಡುವುದೂ ಹೌದು. ಇದನ್ನು ಇಲ್ಲಿಗೆ ಬಿಡುತ್ತೇನೆ, ಇದೇ ಇನ್ನೊಂದು ಉಪನ್ಯಾಸವಾಗುತ್ತದೆ.

ಈಗ ಮತ್ತೆ ನಮ್ಮ ಮುಖ್ಯ ತಕರಾರಿಗೆ ಬರೋಣ. ನೆಲ ಇನ್ನೊಬ್ಬರದು, ನೀರು ನಮಗೆ ಬೇಕು. ಏನು ಮಾಡುವುದು?

ನ್ಯೂಯಾರ್ಕ್ ನಗರ ಮೊದಲು ಮಾಡಿದ್ದು ಆಜ್ಞೆ. ಅದರ ನೀರಿನಲ್ಲಿ ಶೇಕಡಾ 90ರಷ್ಟು ಬರುವುದು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳಿಂದ. ಕೆಲವು ಜಲಾಶಯಗಳು ಇನ್ನೂರು ಕಿಲೋಮೀಟರ್ ದೂರದಲ್ಲಿವೆ. ಮೂಲವನ್ನು ಚೆನ್ನಾಗಿ ಕಾಯುತ್ತೀರೆಂದು ತೋರಿಸಿ, ಇಲ್ಲವೇ ಫಿಲ್ಟರ್ ಘಟಕ ಕಟ್ಟಿ ಎಂದು ಅಮೆರಿಕದ ಕಾನೂನು 1989ರಲ್ಲಿ ಹೇಳಿತು. ಘಟಕಕ್ಕೆ 600ರಿಂದ 800 ಕೋಟಿ ಡಾಲರ್ ಬೇಕಾಗುತ್ತದೆ ಎಂಬ ಅಂದಾಜು ಕೇಳಿ ನಗರಕ್ಕೆ ದಿಗಿಲಾಯಿತು. 1990ರಲ್ಲಿ ಬೆಟ್ಟದ ರೈತರ ಮೇಲೆ ಬಿಗಿಯಾದ ಕರಡು ನಿಯಮಗಳನ್ನು ಹೊರಡಿಸಿತು. ರೈತರು ತಿರುಗಿಬಿದ್ದರು. ಅವರ ಸಿಟ್ಟಿಗೆ ಹಳೆಯ ಕಾರಣವೂ ಇತ್ತು, ಇದೇ ಜಲಾಶಯಗಳಿಗಾಗಿ ಅವರ ಹಿರಿಯರ ಊರುಗಳು ಮುಳುಗಿದ್ದವು. ಒಮ್ಮೆ ಊರು ಮುಳುಗಿಸಿದವರು ಈಗ ಉಳಿದ ಹೊಲದಲ್ಲಿ ಏನು ಮಾಡಬೇಕೆಂದು ಹೇಳಲು ಬಂದರೆ ಯಾರು ಕೇಳುತ್ತಾರೆ?

ಹಲವು ವರ್ಷ ಹಗ್ಗಜಗ್ಗಾಟ ನಡೆದು 1997ರಲ್ಲಿ ಒಪ್ಪಂದವಾಯಿತು. ಮಾರಲು ಮನಸ್ಸಿದ್ದವರಿಂದ ಮಾತ್ರ ಜಮೀನು ಕೊಳ್ಳಬೇಕು. ಕೆಟ್ಟುಹೋದ ಸೆಪ್ಟಿಕ್ ಟ್ಯಾಂಕ್‌ಗಳ ರಿಪೇರಿಗೆ, ಕೊಳಚೆ ನೀರಿನ ಘಟಕಗಳ ಸುಧಾರಣೆಗೆ ನಗರವೇ ಹಣ ಕೊಡಬೇಕು. ರೈತರ ಕಾರ್ಯಕ್ರಮ ಸ್ವಇಚ್ಛೆಯದು. ಇದರ ವಿವರಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಹಸುವಿನ ತೊಟ್ಟಿ. ಹಸು ತೊರೆಗೆ ಇಳಿಯುವುದು ನೀರು ಕುಡಿಯುವುದಕ್ಕೆ. ಇಳಿದದ್ದು ಅಲ್ಲೇ ಸೆಗಣಿ ಹಾಕುತ್ತದೆ, ಅದರ ಗೊರಸಿಗೆ ಸಿಕ್ಕಿ ದಂಡೆ ಕುಸಿಯುತ್ತದೆ, ಮಣ್ಣು ನೀರು ಸೇರುತ್ತದೆ. ತೊರೆಗೆ ಬೇಲಿ ಹಾಕು ಎಂದು ಆಜ್ಞೆ ಮಾಡುವುದು ಸುಲಭ. ಬಾಯಾರಿದ ಹಸು ಬೇಲಿ ಮುರಿಯುತ್ತದೆ, ಅದಕ್ಕೆ ಮುಂಚೆ ರೈತನೇ ಮುರಿಯುತ್ತಾನೆ. ಬೇಲಿಯ ಜೊತೆಗೆ ಮೇಲುಗಡೆ ಒಂದು ತೊಟ್ಟಿ, ಅದಕ್ಕೆ ಕೊಳವೆ, ಅದರ ಖರ್ಚು. ಮೂರೂ ಸೇರಿದರೆ ಬೇಲಿ ನಿಲ್ಲುತ್ತದೆ. ಇವತ್ತಿಗೂ ಆ ಬೆಟ್ಟಗಳ ನೀರು ಫಿಲ್ಟರ್ ಇಲ್ಲದೆಯೇ, ಸೋಂಕು ಕಳೆದು ನಗರಕ್ಕೆ ಹೋಗುತ್ತದೆ.

ಜರ್ಮನಿಯ ಮ್ಯೂನಿಕ್ ನಗರ ಇದೇ ಕೆಲಸವನ್ನು ಇನ್ನೂ ನೇರವಾಗಿ ಮಾಡಿತು. ಮಾಂಗ್‌ಫಾಲ್ ಕಣಿವೆಯಿಂದ ನೀರು ತರುವ ಈ ನಗರ 1992ರಿಂದ ಅಲ್ಲಿನ ರೈತರಿಗೆ ಸಾವಯವ ಕೃಷಿಗೆ ಹೊರಳಲು ಹಣ ಕೊಡುತ್ತ ಬಂದಿದೆ. ನೈಟ್ರೇಟ್ ಏರುವುದು ನಿಂತಿತು.

ಮಾಲಿನ್ಯ ಮಾಡಿದವನೇ ದಂಡ ತೆರಬೇಕು ಎಂಬ ತತ್ವವನ್ನು ಒಪ್ಪುವವರಿಗೆ ಇದು ಲಂಚದಂತೆ ಕಾಣುತ್ತದೆ. ಆ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ನದಿಗೆ ರಾಸಾಯನಿಕ ಬಿಡುವ ಕಾರ್ಖಾನೆಗೆ ಹಣ ಕೊಟ್ಟು ಬಿಡಬೇಡಪ್ಪಾ ಎಂದು ಬೇಡಿಕೊಳ್ಳುವುದು ಹುಚ್ಚುತನ, ಅಲ್ಲಿ ಕಾನೂನಿನ ಕೋಲೇ ಬೇಕು. ಆದರೆ ಕಾನೂನು ಒಪ್ಪುವ ಗೊಬ್ಬರವನ್ನು, ಕಾನೂನು ಒಪ್ಪುವ ಹೊತ್ತಿನಲ್ಲಿ, ತನ್ನದೇ ಹೊಲಕ್ಕೆ ಹಾಕಿದವನನ್ನು ಅಪರಾಧಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ನೀರಿಗಾಗಿ ಅವನು ಇಳುವರಿ ಬಿಡಬೇಕೆಂದರೆ ನಾವೂ ಏನಾದರೂ ಬಿಡಬೇಕು. ಇದರ ದೌರ್ಬಲ್ಯವೂ ನನಗೆ ಗೊತ್ತು: ನ್ಯೂಯಾರ್ಕ್, ಮ್ಯೂನಿಕ್‌ನಂಥ ಸಿರಿವಂತ ನಗರಗಳು ಇದನ್ನು ಮಾಡಬಲ್ಲವು. ಐದು ಸಾವಿರ ಜನರ ಪಟ್ಟಣ ಎಲ್ಲಿಂದ ತರುತ್ತದೆ? ಅಂಥ ಕಡೆ ದೇಶದ ಸರ್ಕಾರವೇ ಕೈಚೀಲ ಬಿಚ್ಚಬೇಕು. ದೊಡ್ಡ ನಗರಗಳ ನೀರಿಗಿಂತ ಸಣ್ಣ ಊರುಗಳ ನೀರೇ ಹೆಚ್ಚು ಅಪಾಯದಲ್ಲಿರುವುದು.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಕೇಳಿದರು: “ರಿವರ್ಸ್ ಆಸ್ಮೋಸಿಸ್ ಬಂದ ಮೇಲೆ ಯಾವ ನೀರನ್ನಾದರೂ ಶುದ್ಧ ಮಾಡಬಹುದಲ್ಲ ಸರ್, ಇಷ್ಟೆಲ್ಲ ಜಗಳ ಏಕೆ?”

ಮಾಡಬಹುದು. ಆದರೆ ಅದರಲ್ಲಿ ನೀರನ್ನು ಒತ್ತಿ ಹಾಯಿಸುವ ಅತಿಸೂಕ್ಷ್ಮ ಪೊರೆಯ ಆಚೆ ಉಳಿದ ಕೊಳೆ ಮಾಯವಾಗುವುದಿಲ್ಲ. ಉಳಿದ ನೀರಿನಲ್ಲಿ ದಟ್ಟವಾಗಿ ಕೂರುತ್ತದೆ, ಅದನ್ನು ಎಲ್ಲಾದರೂ ಸುರಿಯಲೇಬೇಕು. ವಿದ್ಯುತ್ ಖರ್ಚು, ಪೊರೆ ಬದಲಿಸುವ ಖರ್ಚು ಘಟಕ ಇರುವಷ್ಟು ಕಾಲ ತಪ್ಪಿದ್ದಲ್ಲ. ಹಸುವಿನ ತೊಟ್ಟಿ ಇದಕ್ಕಿಂತ ಅಗ್ಗ. ಆದರೂ ಎರಡೂ ಬೇಕು. ಬೇಲಿಯೂ ಮುರಿಯುತ್ತದೆ, ಯಂತ್ರವೂ ಕೆಡುತ್ತದೆ, ಎರಡೂ ಒಂದೇ ದಿನ ಕೈಕೊಡದಿರಲಿ ಎಂದು ತಾನೇ ತಡೆಯ ಮೇಲೆ ತಡೆ ಇಡುವುದು?

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ, ಹಿರಿಯರೊಬ್ಬರಿಂದ ಬಂತು: “ರೈತನದು ತಪ್ಪಿಲ್ಲ ಎಂದಿರಿ. ಜನ ಸತ್ತಿದ್ದಾರೆ. ಹಾಗಾದರೆ ತಪ್ಪು ಯಾರದು?”

ಉತ್ತರವಾಗಿ ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನ ಕಥೆ ಹೇಳಿದೆ. 2000ದ ಮೇ ತಿಂಗಳಲ್ಲಿ ಅಲ್ಲಿನ ಐದನೆಯ ಬಾವಿಗೆ ಮಳೆನೀರಿನೊಂದಿಗೆ ಪಕ್ಕದ ಹೊಲದ ಸೆಗಣಿ ಗೊಬ್ಬರದ ಬ್ಯಾಕ್ಟೀರಿಯಾ ಇಳಿಯಿತು. ಸುಮಾರು 2,300 ಜನ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ನೀರು ನೋಡಿಕೊಳ್ಳುತ್ತಿದ್ದವರು ಕ್ಲೋರಿನ್ ಅಳತೆಯನ್ನು ಅಳೆಯದೆಯೇ ಪುಸ್ತಕದಲ್ಲಿ ಬರೆಯುತ್ತಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವರದಿಯಲ್ಲಿ ಇವರ ಮೇಲೂ, ಪ್ರಾಂತ್ಯದ ಸರ್ಕಾರದ ಮೇಲೂ ಟೀಕೆಯಿದೆ. ರೈತನ ಮೇಲೆ ಇಲ್ಲ, ಅವನು ಗೊಬ್ಬರವನ್ನು ಸರಿಯಾದ ಕ್ರಮದಲ್ಲೇ ಹಾಕಿದ್ದ. ಆ ವರದಿಯ ಫಲವಾಗಿ ಒಂಟಾರಿಯೊ ಪ್ರಾಂತ್ಯ 2006ರಲ್ಲಿ ಶುದ್ಧ ನೀರಿನ ಕಾಯ್ದೆ ತಂದು, ಬಾವಿಯ ಸುತ್ತ ನೂರು ಮೀಟರ್, ಆಮೇಲೆ ನೀರು ಬಂದು ಸೇರಲು ಎರಡು ವರ್ಷ, ಐದು ವರ್ಷ, ಇಪ್ಪತ್ತೈದು ವರ್ಷ ಹಿಡಿಯುವ ವಲಯಗಳನ್ನು ಗುರುತಿಸಿತು.

ಅದೇ ಐದನೆಯ ಬಾವಿಯನ್ನು ಕೊರೆದದ್ದು 1978ರಲ್ಲಿ. ಆಗ ಪಂಪ್ ಮಾಡಿ ಪರೀಕ್ಷಿಸಿದಾಗಲೇ ನೀರಿನಲ್ಲಿ ಬ್ಯಾಕ್ಟೀರಿಯಾ ಕಾಣಿಸಿತ್ತು. ಬಾವಿಯ ಪಶ್ಚಿಮಕ್ಕೂ ದಕ್ಷಿಣಕ್ಕೂ ಇರುವ ಜಮೀನನ್ನು ಊರೇ ಕೊಂಡು ರಕ್ಷಿತ ಜಾಗ ಮಾಡಿಕೊಳ್ಳಲಿ ಎಂದು ಪರೀಕ್ಷೆ ನಡೆಸಿದ ತಜ್ಞರು ವರದಿಯಲ್ಲಿ ಬರೆದುಕೊಟ್ಟಿದ್ದರು. ಬಾವಿಗೆ ಅನುಮತಿ ಸಿಕ್ಕಿತು, ಜಮೀನನ್ನು ಯಾರೂ ಕೊಳ್ಳಲಿಲ್ಲ. ಆ ಕಾಗದ ಕಡತದೊಳಗೆ ಇಪ್ಪತ್ತೆರಡು ವರ್ಷ ಮಲಗಿತ್ತು.